ನಮ್ಮ ಬಯಲಿನ ಕಿತ್ತಳೆ ಚಿಟ್ಟೆ: ರೂಪ ಮತ್ತು ಜೀವನಕ್ರಮ

ಚಿಟ್ಟೆಗಳೆಂದೊಡನೆ ನಮ್ಮ ಮನಸ್ಸು ಮಲೆನಾಡಿನ ಕಡೆಗೆ ಹರಿಯುವುದು ಸಹಜ. ದಟ್ಟವಾದ ಕಾಡು, ಬಿಡದೆ ಸುರಿಯುವ ಮಳೆ, ಬಗೆಬಗೆಯ ಹೂಗಳು ಇರುವಲ್ಲಿ ಮಾತ್ರ ಅವುಗಳಿಗೆ ನೆಲೆ ಎಂಬ ಭಾವನೆ ಬಹುಮಂದಿಯಲ್ಲಿ ಬೇರೂರಿದೆ. ಕರ್ನಾಟಕದ ರಾಜ್ಯ ಚಿಟ್ಟೆಯೆಂಬ ಗೌರವ ಪಡೆದಿರುವ, ಕಪ್ಪು ಹಳದಿ ಬಣ್ಣಗಳ ಆ ದೊಡ್ಡ ಚಿಟ್ಟೆಯೂ ಪಶ್ಚಿಮ ಘಟ್ಟಗಳ ಕಾಡಿನದೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಕಲ್ಲುಬಂಡೆಗಳ ಬೆಟ್ಟ, ಬತ್ತಿದ ಕೆರೆ, ಕಡಲೆಕಾಯಿಯ ಹೊಲ ಇಷ್ಟೇ ಅಲ್ಲವೆ, ಇಲ್ಲಿ ನೋಡುವುದಕ್ಕೇನಿದೆ ಎಂದು ಕೇಳುವವರು ಉಂಟು. ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ಹೊಲದ ಬದುಗಳ ಮೇಲೆಯೇ ಹಾರಾಡುವ ಒಂದು ಕಿತ್ತಳೆ ಬಣ್ಣದ ಚಿಟ್ಟೆಯ ಪರಿಚಯವನ್ನು ವಾಚಕರಿಗೆ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ.

ಹೆಸರು ಮತ್ತು ಬಳಗ

ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳನ್ನು ಹೊತ್ತ ಚಿಟ್ಟೆಗಳನ್ನು ಯುರೋಪಿನಲ್ಲಿ 'ಫ್ರಿಟಿಲರಿ' ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಫ್ರಿಟಿಲಸ್' ಎಂದರೆ ಜೂಜಿನ ದಾಳಗಳನ್ನು ಹಾಕಿ ಕುಲುಕುವ ಡಬ್ಬಿ. ಚೌಕಚೌಕವಾದ, ಚುಕ್ಕೆಚುಕ್ಕೆಯಾದ ವಿನ್ಯಾಸಕ್ಕೆ ಆ ಪದ ಅನ್ವಯವಾಗಿ ಬಂದಿತು. ಪಗಡೆಯಾಡಿ ಬಲ್ಲ ನಮಗೆ ಈ ಹೋಲಿಕೆ ಅಪರಿಚಿತವಾದುದಲ್ಲ. ಅಪ್ಪಟ ಫ್ರಿಟಿಲರಿ ಎನ್ನಬಹುದಾದ ಚಿಟ್ಟೆ ದಕ್ಷಿಣ ಭಾರತದಲ್ಲಿ ನೀಲಗಿರಿಯಂಥ ಎತ್ತರದ ತಂಪು ಮಲೆಗಳಲ್ಲಿ ಕಾಣುತ್ತದೆ. ನಮ್ಮ ಬಯಲಿಗೆ ಅದು ಇಳಿದು ಬರುವುದಿಲ್ಲ. ಆದರೆ ಅದೇ ಉಪಕುಟುಂಬಕ್ಕೆ ಸೇರಿದ ಇಬ್ಬರು ದಾಯಾದಿಗಳು ನಮ್ಮಲ್ಲಿದ್ದಾರೆ.

ಮೊದಲನೆಯದನ್ನು ಆಂಗ್ಲ ಗ್ರಂಥಗಳಲ್ಲಿ 'ಟಾನಿ ಕೋಸ್ಟರ್' ಎನ್ನುತ್ತಾರೆ. ಇದರ ಶಾಸ್ತ್ರೀಯ ನಾಮಧೇಯ ಅಕ್ರಿಯ ಟರ್ಪ್ಸಿಕೋರೆ. ಸ್ವೀಡನ್ನಿನ ವಿದ್ವಾಂಸ ಲಿನೇಯಸನು 1758ರಲ್ಲಿ ಇದನ್ನು ಹೆಸರಿಸಿದನು. ಗ್ರೀಕರ ಪುರಾಣದಲ್ಲಿ ಟರ್ಪ್ಸಿಕೋರೆ ನೃತ್ಯಕ್ಕೆ ಅಧಿದೇವತೆ. ಎರಡನೆಯದು 'ಕಾಮನ್ ಲೆಪರ್ಡ್', ಎಂದರೆ ಚಿರತೆ ಚಿಟ್ಟೆ. ಇದರ ಶಾಸ್ತ್ರೀಯ ನಾಮ ಫಲಾಂಟ ಫಲಾಂಥ. ಈ ಲೇಖನದಲ್ಲಿ ಮೊದಲನೆಯದನ್ನು ಕೋಸ್ಟರ್ ಚಿಟ್ಟೆ ಎಂದೂ ಎರಡನೆಯದನ್ನು ಚಿರತೆ ಚಿಟ್ಟೆ ಎಂದೂ ಕರೆಯೋಣ. ಕೋಸ್ಟರ್ ಚಿಟ್ಟೆಯೇ ಇಲ್ಲಿ ಮುಖ್ಯ ವಿಷಯ. ಚಿರತೆ ಚಿಟ್ಟೆಯನ್ನು ಹೋಲಿಕೆಗಾಗಿ ಜೊತೆಗಿಟ್ಟುಕೊಂಡಿದೆ. ಒಂದೇ ಬಣ್ಣವನ್ನು ಹೊತ್ತ ಇವೆರಡರ ಬಾಳುವೆಯ ರೀತಿ ಎಷ್ಟು ಬೇರೆ ಎಂಬುದು ಮುಂದೆ ವಿದಿತವಾಗುತ್ತದೆ.

ರೂಪ

ಕೋಸ್ಟರ್ ಚಿಟ್ಟೆ ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 53ರಿಂದ 64 ಮಿಲಿಮೀಟರ್ ಅಗಲವಿರುತ್ತದೆ. ಮುಂದಿನ ರೆಕ್ಕೆ ನೀಳವಾಗಿ ಕಿರಿದಾಗಿದೆ. ಹಿಂದಿನ ರೆಕ್ಕೆ ದುಂಡಗಿದೆ. ಮೇಲ್ಮೈಯ ಬಣ್ಣ ಹದವಾಗಿ ಸುಟ್ಟ ಇಟ್ಟಿಗೆಗೂ ಮಾಗಿದ ಕಿತ್ತಳೆಗೂ ನಡುವಣದು. ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿಯಿದ್ದು, ಆ ಪಟ್ಟಿಯೊಳಗೆ ಬಿಳಿಯ ಬೊಟ್ಟುಗಳ ಸಾಲಿದೆ. ರೆಕ್ಕೆ ಮಡಿಚಿ ಕುಳಿತಾಗ ಈ ಸಾಲು ಸೀರೆಯ ಅಂಚಿಗೆ ಪೋಣಿಸಿದ ಮಣಿಗಳಂತೆ ಕಾಣುತ್ತದೆ. ತಲೆ, ಎದೆಗಳು ಕಪ್ಪಾಗಿದ್ದು ಅವುಗಳ ಮೇಲೂ ಬಿಳಿಯ ಚುಕ್ಕೆಗಳಿವೆ. ಗಂಡಿನ ಬಣ್ಣ ಗಾಢ, ಹೆಣ್ಣಿನದು ಮಾಸಲು. ಈ ಕುಟುಂಬದ ಎಲ್ಲ ಚಿಟ್ಟೆಗಳಂತೆ ಇದರ ಮುಂದಿನ ಎರಡು ಕಾಲುಗಳು ಕುಗ್ಗಿ ಎದೆಗೆ ಅಂಟಿಕೊಂಡಿರುವುದರಿಂದ, ಆರು ಕಾಲಿನ ಕೀಟವಾದರೂ ಇದು ನಾಲ್ಕು ಕಾಲುಗಳ ಮೇಲೆಯೇ ನಿಲ್ಲುತ್ತದೆ.

ಚಿರತೆ ಚಿಟ್ಟೆಯೂ ಹೆಚ್ಚುಕಡಿಮೆ ಇದೇ ಗಾತ್ರದ್ದು, ಇದೇ ಬಣ್ಣದ್ದು. ಆದರೆ ಅದರ ರೆಕ್ಕೆಯ ತುಂಬ ಕಪ್ಪು ಚುಕ್ಕೆಗಳೂ ಅಂಕುಡೊಂಕು ಗೆರೆಗಳೂ ಒತ್ತಾಗಿವೆ. ಬಿಳಿಯ ಬೊಟ್ಟುಗಳಿರುವ ಕಪ್ಪು ಅಂಚು ಇಲ್ಲ. ರೆಕ್ಕೆಯ ಕೆಳಮೈಯಲ್ಲಿ ನಸುನೇರಳೆಯ ಹೊಳಪೊಂದು ಸುಳಿಯುತ್ತದೆ. ದೂರದಿಂದ ಇವೆರಡನ್ನು ಗುರುತಿಸುವುದಕ್ಕೆ ರೂಪಕ್ಕಿಂತ ನಡೆಯೇ ಹೆಚ್ಚು ಸಹಾಯಕ. ಚಿರತೆ ಚಿಟ್ಟೆ ಒಂದು ಕ್ಷಣವೂ ಸುಮ್ಮನಿರದು. ರಪರಪನೆ ರೆಕ್ಕೆ ಬಡಿದು ಹಾರುವುದು, ಬಿಸಿಲು ಕಾಯಲು ಎಲೆಯ ಮೇಲೆ ರೆಕ್ಕೆ ಹರಡಿ ಕೂರುವುದು, ತನ್ನ ಜಾಗಕ್ಕೆ ಬಂದ ಇನ್ನೊಂದು ಚಿಟ್ಟೆಯನ್ನು ಅಟ್ಟಿಸಿಕೊಂಡು ಹೋಗುವುದು, ಒದ್ದೆ ಮಣ್ಣಿನಲ್ಲಿ ಲವಣವನ್ನು ಹೀರುವುದು, ಹೀಗೆ ಸದಾ ಚಟುವಟಿಕೆ. ಕೋಸ್ಟರ್ ಚಿಟ್ಟೆಯಾದರೋ ನೆಲದಿಂದ ಮೊಣಕಾಲೆತ್ತರದಲ್ಲಿ, ಗಾಳಿಗೆ ತೇಲಿಬಂದ ಒಣಗಿದ ಎಲೆಯಂತೆ, ಯಾವ ಅವಸರವೂ ಇಲ್ಲದೆ ಸಾಗುತ್ತದೆ. ಚಿಕ್ಕ ಮಕ್ಕಳ ಕೈಗೂ ಅದು ಸುಲಭವಾಗಿ ಸಿಕ್ಕುತ್ತದೆ.

ನಿಧಾನದ ಗುಟ್ಟು

ಹಕ್ಕಿ, ಓತಿಕೇತ, ಜೇಡಗಳಿಂದ ತುಂಬಿದ ಹೊಲದಲ್ಲಿ ಇಷ್ಟು ನಿಧಾನವಾಗಿ ಹಾರುವ ಜೀವಿ ಬದುಕುವುದಾದರೂ ಹೇಗೆ? ಕಣ್ಣಿಗೆ ಎದ್ದು ಕಾಣುವ ಬಣ್ಣವನ್ನು ಹೊತ್ತು ಅದು ತನ್ನ ಶತ್ರುಗಳನ್ನು ತಾನೇ ಕರೆದಂತಾಗಲಿಲ್ಲವೆ? ಈ ಪ್ರಶ್ನೆಗೆ ಉತ್ತರ ಅದರ ರಕ್ತದಲ್ಲಿದೆ.

ಕೋಸ್ಟರ್ ಚಿಟ್ಟೆಯನ್ನು ಬೆರಳುಗಳ ನಡುವೆ ಹಿಡಿದರೆ ಅದು ಒದ್ದಾಡುವುದಿಲ್ಲ. ಸತ್ತಂತೆ ನಿಶ್ಚಲವಾಗಿ ಬಿದ್ದುಬಿಡುತ್ತದೆ. ಎದೆಯಿಂದಲೂ ಕಾಲಿನ ಕೀಲುಗಳಿಂದಲೂ ಕೆಟ್ಟ ರುಚಿಯ ಹಳದಿ ದ್ರವವೊಂದು ಒಸರುತ್ತದೆ. ಈ ಬಳಗದ ಚಿಟ್ಟೆಗಳ ಶರೀರದಲ್ಲಿ ಲಿನಮರಿನ್ ಮೊದಲಾದ, ಜಜ್ಜಿದಾಗ ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ಸಂಯುಕ್ತಗಳಿವೆಯೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಸರಿಯಾಗಿ ಬೇಯಿಸದ ಮರಗೆಣಸು ವಿಷವಾಗುವುದೂ ಇದೇ ಲಿನಮರಿನ್ ದೆಸೆಯಿಂದ. ಮರಿಹುಳುವಾಗಿದ್ದಾಗ ತಿಂದ ಗಿಡದಿಂದ ಇಂಥ ವಸ್ತುಗಳನ್ನು ಪಡೆಯುವುದಲ್ಲದೆ, ಕೆಲವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುವ ಸಾಮರ್ಥ್ಯವೂ ಈ ಬಳಗಕ್ಕೆ ಉಂಟು. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಉಗಿಯುತ್ತದೆ. ಆ ಕಿತ್ತಳೆ ಬಣ್ಣವನ್ನು ಮರೆಯುವುದಿಲ್ಲ. ಚಿಟ್ಟೆಯ ದೇಹ ಚರ್ಮದಂತೆ ಗಡುಸಾಗಿರುವುದರಿಂದ ಆ ಒಂದು ಕಚ್ಚುವಿಕೆಯಿಂದ ಅನೇಕವೇಳೆ ಅದು ಬದುಕಿ ಹಾರಿಯೂ ಹೋಗುತ್ತದೆ. ಆದ್ದರಿಂದ ಇಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಎಚ್ಚರಿಕೆಯ ಫಲಕ. ಫಲಕವನ್ನು ಓದಲು ಶತ್ರುವಿಗೆ ಸಮಯ ಬೇಕು. ಆದಕಾರಣ ನಿಧಾನದ ಹಾರಾಟವೂ ಅದಕ್ಕೆ ಪ್ರಯೋಜನಕಾರಿಯೇ.

ಎಕ್ಕದ ಗಿಡವನ್ನು ತಿಂದು ಬೆಳೆಯುವ, ಕಿತ್ತಳೆ ರೆಕ್ಕೆಗೆ ಕಪ್ಪು ತುದಿಯುಳ್ಳ 'ಪ್ಲೇನ್ ಟೈಗರ್' ಚಿಟ್ಟೆಯೂ ಇದೇ ನೀತಿಯನ್ನು ಅನುಸರಿಸುತ್ತದೆ. ವಿಷವಿಲ್ಲದ ಇನ್ನೊಂದು ಪ್ರಭೇದದ ಹೆಣ್ಣು ಚಿಟ್ಟೆ ಆ ಎಕ್ಕದ ಚಿಟ್ಟೆಯ ವೇಷವನ್ನೇ ಧರಿಸಿ ಹಕ್ಕಿಗಳನ್ನು ವಂಚಿಸುತ್ತದೆ. ಚಿರತೆ ಚಿಟ್ಟೆ ಮಾತ್ರ ತನ್ನ ವೇಗವನ್ನೂ ಎಚ್ಚರವನ್ನೂ ನಂಬಿದೆ. ಉಳಿಯುವುದು ಹೇಗೆಂಬ ಒಂದೇ ಪ್ರಶ್ನೆಗೆ ಒಂದೇ ಬಯಲಿನಲ್ಲಿ ಮೂರು ಬಗೆಯ ಉತ್ತರಗಳನ್ನು ಹೀಗೆ ಕಾಣಬಹುದಾಗಿದೆ.

ಮೊಟ್ಟೆಯಿಂದ ಚಿಟ್ಟೆಯವರೆಗೆ

ಹೆಣ್ಣು ಚಿಟ್ಟೆ ಹಳದಿ ಬಣ್ಣದ ಮೊಟ್ಟೆಗಳನ್ನು ಎಲೆಯ ಮೇಲೆ ಗುಂಪಾಗಿ ಇಡುತ್ತದೆ. ಕೆಲವು ದಿನಗಳಲ್ಲಿ ಮರಿಹುಳುಗಳು ಹೊರಬಂದು ಮೊದಮೊದಲು ಒಟ್ಟಾಗಿಯೇ ಮೇಯುತ್ತವೆ. ಬೆಳೆದ ಹುಳು ಕೆಂಗಂದು ಬಣ್ಣದ್ದು. ಮೈಮೇಲೆ ಸಾಲುಸಾಲಾಗಿ ಕವಲೊಡೆದ ಮುಳ್ಳುಗಳಿರುತ್ತವೆ. ಅನಂತರ ಅದು ಎಲೆಗೋ ಕಡ್ಡಿಗೋ ಬೇಲಿಯ ತಂತಿಗೋ ಬಾಲದ ತುದಿಯಿಂದ ತಲೆಕೆಳಗಾಗಿ ಜೋತು ಕೋಶವಾಗುತ್ತದೆ. ಕೆನೆಬಿಳಿ ಕೋಶದ ಮೇಲೆ ಕಪ್ಪು ಗೆರೆಗಳು, ಕಿತ್ತಳೆ ಬೊಟ್ಟುಗಳು. ಕೋಶಾವಸ್ಥೆಯಲ್ಲಿಯೂ ಇದು ಮರೆಯನ್ನು ಬಯಸುವುದಿಲ್ಲವೆಂಬುದು ಗಮನಾರ್ಹ. ಚಿರತೆ ಚಿಟ್ಟೆಯ ಕೋಶವಾದರೋ ಎಲೆಹಸಿರಿನದು. ಅದರ ಮೇಲೆ ಬೆಳ್ಳಿಯ ಹನಿಗಳಂಥ ಚುಕ್ಕೆಗಳು ಹೊಳೆಯುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಮೂರು ನಾಲ್ಕು ವಾರಗಳು ಸಾಕು. ಆದ್ದರಿಂದ ಒಂದೇ ಮಳೆಗಾಲದಲ್ಲಿ ಹಲವು ತಲೆಮಾರುಗಳು ಆಗಿಹೋಗುವುದಕ್ಕೆ ಅವಕಾಶವಿದೆ.

ಕೂಡಿದ ತರುವಾಯ ಗಂಡು ಚಿಟ್ಟೆ ಹೆಣ್ಣಿನ ಉದರದ ತುದಿಗೆ ಅಂಟಿನಂಥ ವಸ್ತುವಿನಿಂದ ಮುದ್ರೆಯೊಂದನ್ನು ಹಾಕುತ್ತದೆ. ಆ ವಸ್ತು ಗಟ್ಟಿಯಾಗಿ, ಬೇರೆ ಗಂಡು ಅವಳನ್ನು ಕೂಡದಂತೆ ತಡೆಯುತ್ತದೆ. ಅಕ್ರಿಯ ಬಳಗದಲ್ಲಿ ಕಂಡುಬರುವ ಈ ಏರ್ಪಾಡು ಕೀಟಶಾಸ್ತ್ರಜ್ಞರ ಕುತೂಹಲವನ್ನು ಬಹುಕಾಲದಿಂದ ಕೆರಳಿಸಿದೆ.

ಆಹಾರ ಸಸ್ಯಗಳು

ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಹೀರೀತು. ಆದರೆ ಅದರ ಮರಿಹುಳು ತಿನ್ನುವುದು ಕೆಲವೇ ಗಿಡಗಳನ್ನು. ಈ ವಿಷಯವನ್ನು ನಮ್ಮ ನಾಡಿನಲ್ಲಿ ಶ್ರಮವಹಿಸಿ ತಿಳಿದವರಲ್ಲಿ ಟಿ. ಆರ್. ಬೆಲ್ ಎಂಬ ಅರಣ್ಯಾಧಿಕಾರಿ ಪ್ರಮುಖರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡಗಳನ್ನು ಗುರುತಿಸಿ ಅವರು ಪ್ರಕಟಿಸಿದ ವಿವರಗಳು ಇಂದಿಗೂ ಆಧಾರವಾಗಿವೆ.

ಕೋಸ್ಟರ್ ಚಿಟ್ಟೆಯ ಆಹಾರ ಸಸ್ಯಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪುರುಷರತ್ನ. ಶಾಸ್ತ್ರದಲ್ಲಿ ಹೈಬ್ಯಾಂಥಸ್ ಎನ್ನಿಯಾಸ್ಪರ್ಮಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಗೇಣುದ್ದದ ಗಿಡ ಬದುವಿನ ಮೇಲೆ, ಗೋಮಾಳದಲ್ಲಿ, ಕಲ್ಲುಮಣ್ಣಿನ ನೆಲದಲ್ಲಿ ಮಳೆ ಬಿದ್ದೊಡನೆ ಚಿಗುರುತ್ತದೆ. ಒಂದೇ ದೊಡ್ಡ ಎಸಳಿನ ನಸುಗೆಂಪು ನೇರಳೆ ಹೂವಿನಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ನಾಟಿವೈದ್ಯರಿಗೆ ಇದು ಬೇಕಾದ ಮೂಲಿಕೆ. ಎರಡನೆಯದು ಪ್ಯಾಸಿಫ್ಲೋರ ಬಳ್ಳಿಗಳು. ಬೇಲಿಗಳ ಮೇಲೆ ಹಬ್ಬುವ, ಬಲೆಯಂಥ ಹೊದಿಕೆಯೊಳಗೆ ಸಣ್ಣ ಹಣ್ಣು ಬಿಡುವ, ಕೆಲವೆಡೆ ಕುಕ್ಕಿಬಳ್ಳಿ ಎಂದು ಕರೆಯುವ ಕಾಡುಬಳ್ಳಿಯೂ, ಮನೆಯಂಗಳದಲ್ಲಿ ಬೆಳೆಸುವ ಪ್ಯಾಷನ್ ಹಣ್ಣಿನ ಬಳ್ಳಿಯೂ ಈ ಜಾತಿಗೆ ಸೇರಿದವು. ಇವು ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದವು.

ಇಲ್ಲೊಂದು ಸ್ವಾರಸ್ಯವಿದೆ. ಪುರುಷರತ್ನವು ವಯೋಲ ಎಂಬ ಹೂಗಿಡಗಳ ಕುಟುಂಬದ್ದು. ಯುರೋಪಿನ ಅಪ್ಪಟ ಫ್ರಿಟಿಲರಿಗಳಲ್ಲಿ ಹಲವು ತಿನ್ನುವುದು ಆ ವಯೋಲಗಳನ್ನೇ. ನಮ್ಮ ಕೋಸ್ಟರ್ ಚಿಟ್ಟೆಗೆ ಹಿಂದೆ ಬಹುಕಾಲ ಬಳಕೆಯಲ್ಲಿದ್ದ ಅಕ್ರಿಯ ವಯೋಲೆ ಎಂಬ ಹೆಸರಿನಲ್ಲಿಯೂ ಆ ಗಿಡದ ನಾಮವಿದೆ. ಚಿರತೆ ಚಿಟ್ಟೆಯ ಹುಳುಗಳು ಕುರುಚಲು ಕಾಡಿನ ಮುಳ್ಳುಗಿಡವಾದ ಫ್ಲಕೋರ್ಷಿಯದ ಎಳೆಯ ಚಿಗುರುಗಳನ್ನೂ, ಹಳ್ಳದ ದಡದ ವಿಲೊ ಮರದ ಎಲೆಗಳನ್ನೂ ತಿನ್ನುತ್ತವೆ. ಈ ಎರಡು ಗಿಡಗಳನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಬೇರೆಬೇರೆ ಕುಟುಂಬಗಳಲ್ಲಿ ಇರಿಸಿದ್ದರು. ಅನುವಂಶೀಯ ದ್ರವ್ಯದ ಪರೀಕ್ಷೆ ಸಾಧ್ಯವಾದ ಮೇಲೆ ಇವು ಒಂದೇ ಕುಟುಂಬದವೆಂದು ನಿರ್ಣಯವಾಯಿತು; ವಯೋಲ, ಪ್ಯಾಸಿಫ್ಲೋರ, ವಿಲೊ ಮೂರೂ ಒಂದೇ ಗಣದ ಬಂಧುಗಳೆಂಬುದೂ ಸ್ಪಷ್ಟವಾಯಿತು. ವಿದ್ವಾಂಸರು ಪ್ರಯೋಗಾಲಯದಲ್ಲಿ ಕಂಡುಕೊಂಡ ಬಂಧುತ್ವವನ್ನು ಮರಿಹುಳುಗಳು ಬಾಯಿರುಚಿಯಿಂದಲೇ ಬಲ್ಲವಾಗಿದ್ದವು!

ನಾಲ್ಕು ತಾಲ್ಲೂಕುಗಳ ನೆಲ

ನಮ್ಮ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯ ಒಣಭಾಗಕ್ಕೆ ಸೇರಿದವು. ಮುಂಗಾರು ಇಲ್ಲಿ ದುರ್ಬಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಆಸರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಆಂಧ್ರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ, ಪಾವಗಡದ ಕೋಟೆಬೆಟ್ಟ ಇವುಗಳ ತಪ್ಪಲಿನ ಕುರುಚಲು, ಅದರ ಕೆಳಗೆ ಹುಲ್ಲುಗಾವಲು, ಅದರಾಚೆ ಹೊಲ, ಕೆರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ನೆಲದಲ್ಲಿ ಕುರುಚಲಿನ ಅಂಚು ಚಿರತೆ ಚಿಟ್ಟೆಗೆ ಒಗ್ಗಿದ್ದು. ಹುಲ್ಲುಗಾವಲೂ ಬದುವೂ ಕೋಸ್ಟರ್ ಚಿಟ್ಟೆಗೆ ಒಗ್ಗಿದ್ದು.

ಹುಲ್ಲುಗಾವಲನ್ನು ನಾವು ಬಹುಕಾಲ ಬಂಜರು, ಪಾಳು ಎಂಬ ಮಾತುಗಳಿಂದ ಅಳೆದಿದ್ದೇವೆ. ಮರವಿಲ್ಲದ ಜಾಗ ಕೆಲಸಕ್ಕೆ ಬಾರದ ಜಾಗವೆಂಬ ಎಣಿಕೆಯಿಂದ ಅಲ್ಲಿ ನೀಲಗಿರಿ, ಜಾಲಿ ನೆಟ್ಟದ್ದೂ ಉಂಟು. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಗಾವಲನ್ನು ಕೃಷ್ಣಮೃಗಗಳ ಸಲುವಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದುದು ಈ ಎಣಿಕೆಗೆ ಒಂದು ತಿದ್ದುಪಡಿ. ಅದರ ವಿಸ್ತೀರ್ಣ ಸುಮಾರು 798 ಎಕರೆ. ಕೃಷ್ಣಮೃಗಕ್ಕಾಗಿ ಉಳಿಸಿದ ಬಯಲಿನಲ್ಲಿ ಗೇಣುದ್ದದ ಗಿಡಗಳಿಗೂ ಅವನ್ನು ನಂಬಿದ ಕೀಟಗಳಿಗೂ ಎಡೆ ದೊರೆಯುತ್ತದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ 2018ರಿಂದೀಚೆಗೆ ಸೌರ ವಿದ್ಯುತ್ ಫಲಕಗಳು ಹರಡಿಕೊಂಡಿವೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಮಳೆಯನ್ನು ನಂಬಿ ಸೋತ ರೈತನಿಗೆ ಬಿಸಿಲೇ ಬೆಳೆಯಾದುದು ಸಣ್ಣ ಮಾತಲ್ಲ. ಆದರೆ ಹೊಲವೆಂದರೆ ಬೆಳೆಯಷ್ಟೇ ಅಲ್ಲ. ಅದರ ಬದು, ಬೇಲಿ, ಹಳ್ಳದ ಅಂಚುಗಳೂ ಹೌದು. ಫಲಕಗಳಿಗೆ ನೆರಳು ಬೀಳದಂತೆ ಗಿಡಗಳನ್ನು ಸವರಲೇಬೇಕು. ಗಡಿಯಂಚಿನ ನೆಲವನ್ನಾದರೂ ಅದರ ಪಾಡಿಗೆ ಬಿಡಬಹುದೆಂಬ ವಿವೇಕ ಇಂಥ ಕಡೆಗಳಲ್ಲಿ ಬಹಳ ಪ್ರಯೋಜನಕಾರಿ.

ಒಂದು ತಪ್ಪು ತಿಳಿವಳಿಕೆ

ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಕಂಬಳಿಹುಳುವಿನ ಹೆಸರು ಕೇಳಿದರೆ ರೈತ ನಡುಗುತ್ತಾನೆ. ಮೊದಲ ಹದಮಳೆಯ ಹಿಂದೆಯೇ ಪತಂಗಗಳು ನೆಲದಿಂದೆದ್ದು ಮೊಟ್ಟೆಯಿಡುತ್ತವೆ. ಹುಳುಗಳು ಹೊಲದಿಂದ ಹೊಲಕ್ಕೆ ದಂಡಿನಂತೆ ಸಾಗಿ ಎಲೆಯೊಂದನ್ನೂ ಉಳಿಸದೆ ಮೇಯುತ್ತವೆ. ಈ ಭಯದಿಂದ ಮೈಮೇಲೆ ಮುಳ್ಳೋ ಕೂದಲೋ ಇರುವ ಹುಳುಗಳನ್ನೆಲ್ಲ ಒಂದೇ ಎಂದು ತಿಳಿದು ಹೊಸಕಿಹಾಕುವ ಪದ್ಧತಿ ಬೆಳೆದಿದೆ. ವ್ಯತ್ಯಾಸವನ್ನು ತಿಳಿಯುವುದು ಕಷ್ಟವಲ್ಲ. ಕಂಬಳಿಹುಳುವಿನ ಮೈ ತುಂಬ ಒತ್ತಾದ ಮೃದು ಕೂದಲು. ಕೋಸ್ಟರ್ ಹುಳುವಿನ ಮೈಮೇಲೆ ಬಿಡಿಬಿಡಿಯಾದ ಗಡುಸು ಮುಳ್ಳು. ಕಂಬಳಿಹುಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕೋಸ್ಟರ್ ಹುಳು ಕಡಲೆಕಾಯಿ, ರಾಗಿ, ತೊಗರಿ, ಅವರೆ ಯಾವುದನ್ನೂ ಮುಟ್ಟುವುದಿಲ್ಲ. ಪ್ಯಾಷನ್ ಹಣ್ಣಿನ ತೋಟ ಮಾಡಿದವರಿಗೆ ಮಾತ್ರ ಅದರಿಂದ ಸ್ವಲ್ಪ ಉಪದ್ರವ. ಕಂಬಳಿಹುಳುವಿಗೆ ಹೊಲದ ಸುತ್ತ ಕಾಲುವೆ ತೋಡುವುದು, ರಾತ್ರಿ ಬೆಂಕಿಯ ಇಲ್ಲವೆ ದೀಪದ ಬಳಿ ಪತಂಗಗಳನ್ನು ಸೆಳೆದು ನಾಶಮಾಡುವುದು ಮೊದಲಾದ ಉಪಾಯಗಳಿವೆ. ಬದುವಿಗೆಲ್ಲ ಔಷಧ ಹೊಡೆದರೆ ವೈರಿಯೊಡನೆ ನಿರಪರಾಧಿಯೂ ಸಾಯುತ್ತಾನೆ. ಕಂಬಳಿಹುಳುವನ್ನು ತಿನ್ನುವ ಕೀಟಗಳೂ ಸಾಯುತ್ತವೆ.

ಬಯಲಿನಿಂದ ಹೊರನಾಡಿಗೆ

ಕೋಸ್ಟರ್ ಚಿಟ್ಟೆಯನ್ನು ಕುರಿತು ಇನ್ನೊಂದು ಸಂಗತಿಯಿದೆ. ಮೂಲತಃ ಇದು ಭಾರತ, ಶ್ರೀಲಂಕೆಗಳದು. 1980ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಅನಂತರ ಮಲಯ ಪರ್ಯಾಯದ್ವೀಪವನ್ನು ದಾಟಿ 2006ರಲ್ಲಿ ಸಿಂಗಪುರವನ್ನು, ಇಂಡೊನೇಷ್ಯದ ದ್ವೀಪಗಳ ಸಾಲನ್ನು ಹಿಡಿದು 2012ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ಸೀಮೆಯನ್ನು ಮುಟ್ಟಿತು. ಮೊಣಕಾಲೆತ್ತರದಲ್ಲಿ ತೂಗಾಡುತ್ತ ಹಾರುವ ಜೀವಿ ಸಮುದ್ರಗಳನ್ನು ದಾಟಿತೆಂದರೆ ಆಶ್ಚರ್ಯವೇ ಸರಿ. ಕಾಡು ಕಡಿದು ಬಯಲಾದ ಜಾಗಗಳೂ, ಎಲ್ಲೆಡೆ ಹಬ್ಬಿದ ಪ್ಯಾಸಿಫ್ಲೋರ ಬಳ್ಳಿಗಳೂ ಅದಕ್ಕೆ ದಾರಿ ಮಾಡಿಕೊಟ್ಟವೆಂದು ತಜ್ಞರು ಭಾವಿಸುತ್ತಾರೆ.

ಆದ್ದರಿಂದ ಈ ಚಿಟ್ಟೆ ಅಳಿವಿನ ಅಂಚಿನಲ್ಲಿದೆಯೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರ. ಪುರುಷರತ್ನ ಇಲ್ಲವಾದರೂ ಅದು ಬೇಲಿಯ ಬಳ್ಳಿಯನ್ನು ತಿಂದು ಬದುಕೀತು. ಆದರೆ ಎಲ್ಲ ಚಿಟ್ಟೆಗಳಿಗೂ ಇಂಥ ಎರಡನೆಯ ಬಾಗಿಲು ಇಲ್ಲ. ಒಂದೇ ಗಿಡವನ್ನು ನಂಬಿದ ಪ್ರಭೇದಗಳು ಆ ಗಿಡದೊಡನೆಯೇ ಕಣ್ಮರೆಯಾಗುತ್ತವೆ, ಸುದ್ದಿಯೂ ಆಗುವುದಿಲ್ಲ. ಕೋಸ್ಟರ್ ಚಿಟ್ಟೆ ನಮಗೆ ಕಲಿಸುವುದು ಇದನ್ನೇ. ಸುಲಭವಾಗಿ ಸಿಕ್ಕುವ ಒಂದನ್ನು ಚೆನ್ನಾಗಿ ತಿಳಿದರೆ, ಅಪರೂಪವಾದುದನ್ನು ಕಾಪಾಡುವ ಬಗೆ ತಾನಾಗಿ ತಿಳಿಯುತ್ತದೆ.

ಶಾಲೆಯ ಪಾಲು

ಈ ಕೆಲಸಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಶಾಲೆಯ ಆವರಣದಲ್ಲಿ ಒಂದು ಮೂಲೆಯನ್ನು ಕಳೆ ಕೀಳದೆ, ಬೆಂಕಿ ಹಾಕದೆ, ಔಷಧ ಸಿಂಪಡಿಸದೆ ಬಿಡಬಹುದು. ಬೇಲಿಗೆ ಒಂದು ಪ್ಯಾಷನ್ ಹಣ್ಣಿನ ಬಳ್ಳಿಯನ್ನು ಹಬ್ಬಿಸಿದರೆ ಮೊಟ್ಟೆಯಿಂದ ಚಿಟ್ಟೆಯವರೆಗಿನ ಎಲ್ಲ ಅವಸ್ಥೆಗಳನ್ನೂ ಮಕ್ಕಳು ತರಗತಿಯ ಹೊರಗೆ ಹತ್ತು ಹೆಜ್ಜೆಯಲ್ಲಿ ನೋಡಬಹುದು. ವಿಜ್ಞಾನದ ಉಪಾಧ್ಯಾಯರು ಒಂದು ದಿನಚರಿಯನ್ನಿಟ್ಟು, ಯಾವ ತಿಂಗಳಲ್ಲಿ ಯಾವ ಚಿಟ್ಟೆ ಬಂತು, ಮಳೆ ಎಷ್ಟಾಯಿತು ಎಂಬುದನ್ನು ಮಕ್ಕಳಿಂದಲೇ ಬರೆಯಿಸಿದರೆ ಹತ್ತು ವರ್ಷಗಳಲ್ಲಿ ಅದು ಈ ಸೀಮೆಯ ಅಮೂಲ್ಯ ದಾಖಲೆಯಾಗುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಹೊಲಮನೆ ಉಳ್ಳವರು ತಮ್ಮ ಬದುವಿನ ಒಂದು ಮಾರು ಅಗಲವನ್ನು ಉಳದೆ ಬಿಡಬಹುದು. ಹೊಸ ಕೊಠಡಿಗಳಿಗೆ ಉದಾರವಾಗಿ ನೆರವು ನೀಡುವ ಮಹನೀಯರು, ಕಟ್ಟಡದ ನಕ್ಷೆಯಲ್ಲಿ ಒಂದಿಷ್ಟು ಕಟ್ಟದ ನೆಲವನ್ನೂ ಸೇರಿಸಲು ಸೂಚಿಸಿದರೆ ಅದೂ ವಿದ್ಯಾದಾನವೇ ಆದೀತು.

ಪುಸ್ತಕದಲ್ಲಿ ಆಫ್ರಿಕದ ಸಿಂಹವನ್ನೂ ಧ್ರುವಪ್ರದೇಶದ ಕರಡಿಯನ್ನೂ ಓದುವ ನಮ್ಮ ಮಕ್ಕಳಿಗೆ ತಮ್ಮ ಹೊಲದ ಬದುವಿನ ಚಿಟ್ಟೆಯ ಹೆಸರು ತಿಳಿಯದಿರುವುದು ಶಿಕ್ಷಣದ ಕೊರತೆಯೆನ್ನಬೇಕು. ಹೆಸರು ತಿಳಿದದ್ದನ್ನು ಮನುಷ್ಯ ಸುಲಭವಾಗಿ ಹೊಸಕಲಾರ. ಮಳೆ ನಿಂತ ಮಾರನೆಯ ಬೆಳಗ್ಗೆ ಬದುವಿನ ಮೇಲೆ ನಡೆದು ನೋಡಿದರೆ, ನಮ್ಮ ಬರದ ಸೀಮೆ ನಾವು ಎಣಿಸಿದಷ್ಟು ಬಡವಾದುದಲ್ಲವೆಂಬುದು ಯಾರಿಗಾದರೂ ಮನವರಿಕೆಯಾಗದಿರದು.